‘ಒಂದಕ್ಕೆ ಎಷ್ಟು’ ಎಂಬ ಲೆಕ್ಕ

ಬೀನ್ಸ್ ಕೆಜಿಗೆ 48 ರೂಪಾಯಿ. ತಕ್ಕಡಿ 650 ಗ್ರಾಂ ತೋರಿಸುತ್ತಿತ್ತು. ತರಕಾರಿಯಾಕೆ ಚೀಲಕ್ಕೆ ಸುರಿಯುತ್ತಲೇ, “ಮೂವತ್ತೊಂದು ಕೊಡಿ ಅಣ್ಣ” ಅಂದರು. ಜೊತೆಗೆ ಬಂದಿದ್ದ ಅಕ್ಕನ ಮಗಳು ಏಳನೇ ತರಗತಿಯವಳು. ಮನೆಗೆ ಬಂದ ಮೇಲೆ ಅದೇ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಮಾಡಲು ಕೂತಳು. ಎಡಕ್ಕೆ 1000, ಅದರೆದುರು 48. ಕೆಳಗೆ 650, ಅದರೆದುರು ಎಕ್ಸ್. ಅಡ್ಡ ಗುಣಿಸಿದಳು, ಭಾಗಿಸಿದಳು, ಬಿಂದುವಿನ ಜಾಗ ತಪ್ಪಿ 312 ಎಂದು ಬರೆದಳು. ಅಡಿಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋದಳು. ಮುಕ್ಕಾಲು ಕೆಜಿಗೂ ಕಡಿಮೆ ಬೀನ್ಸಿಗೆ ಮುನ್ನೂರು ರೂಪಾಯಿ ಹೇಗಾಯಿತು ಎಂಬ ಅನುಮಾನ ಅವಳ ಮುಖದಲ್ಲಿ ಹಾದುಹೋಗಲಿಲ್ಲ. ಹುಡುಗಿ ದಡ್ಡಿಯಲ್ಲ, ಮಗ್ಗಿ ಬಾಯಲ್ಲಿದೆ. ಅವಳ ಪಾಲಿಗೆ ಬೀನ್ಸ್ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ.

ಮರುವಾರ ಆ ತರಕಾರಿಯಾಕೆಯನ್ನೇ ಕೇಳಿದೆ, ಹೇಗೆ ಲೆಕ್ಕ ಹಾಕಿದಿರಿ ಅಂತ. “ಅರ್ಧ ಕೆಜಿಗೆ ಇಪ್ಪತ್ನಾಲ್ಕು. ನೂರು ಗ್ರಾಂಗೆ ನಾಲ್ಕು ಎಂಬತ್ತು. ಐವತ್ತಕ್ಕೆ ಅದರರ್ಧ. ಇಪ್ಪತ್ತು ಪೈಸೆ ಬಿಟ್ಟೆ.” ಎಲ್ಲೂ ಗುಣಾಕಾರವಿಲ್ಲ. ಒಡೆಯುವುದು, ಅರ್ಧ ಮಾಡುವುದು, ಕೂಡಿಸುವುದು, ಇಷ್ಟೇ. ಪ್ರತಿ ಹೆಜ್ಜೆಯಲ್ಲೂ ಕೈಯಲ್ಲಿರುವುದು ಬರೀ ಸಂಖ್ಯೆಯಲ್ಲ, ಇಷ್ಟು ಬೀನ್ಸಿಗೆ ಇಷ್ಟು ದುಡ್ಡು ಎಂಬ ಜೋಡಿ. ಹಾಗಾಗಿ ಆಕೆ ಒಂದು ರೂಪಾಯಿ ಆಚೀಚೆ ತಪ್ಪಬಹುದು, 312ಕ್ಕೆ ಹೋಗಲಾರರು.

ಈ ಎರಡು ದಾರಿಗಳ ನಡುವಿನ ಅಂತರ ನನ್ನನ್ನು ಬಹಳ ಕಾಲದಿಂದ ಕಾಡಿದೆ. ‘ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು?’ ಶಾಲೆ ಕಲಿಸುವ ಗಣಿತದಲ್ಲಿ ಬದುಕಿಗೆ ಇದಕ್ಕಿಂತ ಹೆಚ್ಚು ಒದಗುವ ಪ್ರಶ್ನೆ ಇನ್ನೊಂದಿಲ್ಲ. ಸಂತೆ, ಬ್ಯಾಂಕು, ಔಷಧಿ ಬಾಟಲಿ, ತೋಟದ ಡ್ರಮ್ಮು, ಕಟ್ಟಡದ ಕಾಂಕ್ರೀಟು, ಎಲ್ಲೆಡೆ ಇದೇ. ಇದರ ಹಿಂದೆ ಸಾವಿರದ ಐನೂರು ವರ್ಷಗಳ ಶಾಸ್ತ್ರವಿದೆ, ಐವತ್ತು ವರ್ಷಗಳ ಸಂಶೋಧನೆಯಿದೆ. ಆದರೂ ನಾವು ಮಕ್ಕಳಿಗೆ ಇದನ್ನು ತಲೆಕೆಳಗಾಗಿ ಕಲಿಸುತ್ತಿದ್ದೇವೆ ಎಂಬುದು ನನ್ನ ನಂಬಿಕೆ. ಗುಣಿಸಿ ಭಾಗಿಸುವುದನ್ನು ಮೊದಲು ಹೇಳಿಕೊಡುತ್ತೇವೆ. ಯಾವುದಕ್ಕೆ ಯಾವುದು ಕಟ್ಟಿಕೊಂಡಿದೆ, ನಿಜವಾಗಿ ಕಟ್ಟಿಕೊಂಡಿದೆಯೇ ಎಂದು ಕೇಳುವುದನ್ನು ಕೊನೆಗೂ ಹೇಳಿಕೊಡುವುದಿಲ್ಲ.

ಶಾಸ್ತ್ರದಲ್ಲಿ ಇದರ ಹೆಸರು ತ್ರೈರಾಶಿಕ. ಮೂರು ರಾಶಿ ಗೊತ್ತಿದ್ದು ನಾಲ್ಕನೆಯದನ್ನು ಹಿಡಿಯುವ ಉಪಾಯ. 499ರಲ್ಲಿ ಆರ್ಯಭಟನೇ ಇದರ ನಿಯಮ ಹೇಳಿದ್ದಾನೆ. 628ರಲ್ಲಿ ಬ್ರಹ್ಮಗುಪ್ತ ಅದನ್ನು ವಿಸ್ತರಿಸಿದ. ಮೂರು ರಾಶಿಗಳಿಗೆ ನಮ್ಮವರು ಇಟ್ಟ ಹೆಸರುಗಳು ಪ್ರಮಾಣ, ಫಲ, ಇಚ್ಛಾ. ಕೆಜಿ ಪ್ರಮಾಣ, ಅದರ ಬೆಲೆ ಫಲ, ನನಗೆ ಬೇಕಾದ ತೂಕ ಇಚ್ಛಾ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಇಚ್ಛಾಫಲ. ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕು, ಫಲ ಬೇರೆ ಜಾತಿಯದು ಎಂಬ ಎಚ್ಚರಿಕೆಯೂ ಜೊತೆಗಿತ್ತು. ಈ ಹೆಸರುಗಳ ಸೊಗಸು ನೋಡಬೇಕು. ‘ಎಕ್ಸ್’ ಎಂಬ ಅಕ್ಷರ ಏನನ್ನೂ ಹೇಳುವುದಿಲ್ಲ. ‘ಇಚ್ಛಾ’ ಎಂದರೆ ಯಾರೋ ಒಬ್ಬರು ಏನನ್ನೋ ಬಯಸಿ ಅಂಗಡಿಯ ಮುಂದೆ ನಿಂತ ಹಾಗೆ ಕಾಣುತ್ತದೆ.

ಈ ಪರಂಪರೆಯಲ್ಲಿ ಕನ್ನಡನಾಡಿನ ಪಾಲು ದೊಡ್ಡದು. ‘ಕವಿರಾಜಮಾರ್ಗ’ ಹುಟ್ಟಿದ ಅಮೋಘವರ್ಷ ನೃಪತುಂಗನ ಕಾಲದಲ್ಲೇ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ತ್ರೈರಾಶಿಕಕ್ಕೇ ಒಂದು ಅಧ್ಯಾಯ ಮೀಸಲು. ಅಲ್ಲಿನ ಒಂದು ಸಮಸ್ಯೆ ನನಗೆ ಬಲು ಇಷ್ಟ. 80 ಅಂಗುಲ ಉದ್ದದ ಕರಿಹಾವು ಬಿಲದೊಳಗೆ ಹೋಗುತ್ತಿದೆ, ದಿನದ ಹದಿನಾಲ್ಕರಲ್ಲಿ ಐದು ಭಾಗದ ಹೊತ್ತಿನಲ್ಲಿ ಏಳೂವರೆ ಅಂಗುಲ. ಹೋಗುತ್ತಿರುವಾಗಲೇ ಅದರ ಬಾಲ ಬೆಳೆಯುತ್ತಿದೆ, ಕಾಲು ದಿನಕ್ಕೆ ಎರಡೂ ಮುಕ್ಕಾಲು ಅಂಗುಲ. ಹಾವು ಪೂರ್ತಿ ಒಳಹೋಗುವುದು ಯಾವಾಗ? ಭಿನ್ನರಾಶಿ ನೋಡಿ ಹೆದರಬೇಕಾಗಿಲ್ಲ. ಎರಡನ್ನೂ ‘ಒಂದು ದಿನಕ್ಕೆ’ ತಂದುಕೊಂಡರೆ ಸಾಕು. ಒಳಹೋಗುವುದು ದಿನಕ್ಕೆ 21 ಅಂಗುಲ, ಬೆಳೆಯುವುದು ದಿನಕ್ಕೆ 11 ಅಂಗುಲ. ಉಳಿಯುವುದು ಹತ್ತು. ಎಂಬತ್ತಕ್ಕೆ ಎಂಟು ದಿನ. ಎರಡು ಬೇರೆ ಬೇರೆ ಅಳತೆಗಳು ಒಂದೇ ನೆಲದ ಮೇಲೆ ಬಂದು ನಿಲ್ಲುವ ತನಕ ಅವುಗಳನ್ನು ಕೂಡಿಸಲೂ ಆಗದು, ಕಳೆಯಲೂ ಆಗದು. ಮೊದಲು ‘ಒಂದಕ್ಕೆ ಎಷ್ಟು’ ಎಂದು ಕಂಡುಕೊಳ್ಳುವ ಏಕಾಂಶ ಪದ್ಧತಿಯ ಜೀವಾಳ ಇಷ್ಟೇ, ಹಾವಿನ ಕತೆಯಲ್ಲಿ ಅದು ಮರೆಯಲಾಗದ ಹಾಗೆ ಕೂತಿದೆ.

12ನೇ ಶತಮಾನದಲ್ಲಿ ರಾಜಾದಿತ್ಯ ಇದೆಲ್ಲವನ್ನೂ ಕನ್ನಡಕ್ಕೆ ತಂದ. ಅವನ ‘ವ್ಯವಹಾರಗಣಿತ’ ಕನ್ನಡದ ಮೊದಲ ಗಣಿತಗ್ರಂಥ ಎಂದು ಹೆಸರಾಗಿದೆ. ಗಣಿತ ಎಂಬ ಪದದ ಹಿಂದೆ ‘ವ್ಯವಹಾರ’ ಎಂದು ಸೇರಿಸಿಕೊಂಡ ಆ ಹೆಸರೇ ಒಂದು ನಿಲುವು. ಕೊಡುವ, ಕೊಳ್ಳುವ, ಅಳೆಯುವ ಜನರಿಗಾಗಿ, ಅವರ ಮಾತಿನಲ್ಲೇ ಲೆಕ್ಕ.

ಅದೇ ಶತಮಾನದಲ್ಲಿ, 1150ರಲ್ಲಿ, ಭಾಸ್ಕರಾಚಾರ್ಯನ ‘ಲೀಲಾವತಿ’ ಬಂತು. ವಿಷ್ಣು ಜಗತ್ತನ್ನೆಲ್ಲ ವ್ಯಾಪಿಸಿರುವಂತೆ ಗಣಿತವನ್ನೆಲ್ಲ ತ್ರೈರಾಶಿಕ ವ್ಯಾಪಿಸಿದೆ ಎಂಬ ಅರ್ಥದ ಮಾತು ಅವನದು. ಐದು ರಾಶಿ ಗೊತ್ತಿದ್ದು ಆರನೆಯದನ್ನು ಹಿಡಿಯುವ ಅವನ ಪಂಚರಾಶಿಕದ ಒಂದು ಉದಾಹರಣೆ ಇಂದಿಗೂ ಬಿಸಿಯಾಗಿದೆ: ನೂರಕ್ಕೆ ತಿಂಗಳಿಗೆ ಐದು ಬಡ್ಡಿಯಾದರೆ, ಹದಿನಾರಕ್ಕೆ ವರ್ಷಕ್ಕೆ ಎಷ್ಟು? ಉತ್ತರ 9.6. ನಮ್ಮ ಹಳ್ಳಿಗಳಲ್ಲಿ ಕೈಸಾಲದ ಮಾತು ಇವತ್ತೂ ಹೀಗೇ ನಡೆಯುತ್ತದೆ. “ನೂರಕ್ಕೆ ಮೂರು” ಅನ್ನುತ್ತಾರೆ. ತಿಂಗಳಿಗೆ ಎಂಬುದು ಬಾಯಲ್ಲಿ ಬರುವುದಿಲ್ಲ, ಅದು ತಿಳಿದುಕೊಳ್ಳಬೇಕಾದದ್ದು. ಬ್ಯಾಂಕಿನ ಬೋರ್ಡಿನಲ್ಲಿ ಶೇಕಡಾ 11 ಎಂದಿದ್ದರೆ ಅದು ವರ್ಷಕ್ಕೆ. ಮೂರು ಚಿಕ್ಕದು, ಹನ್ನೊಂದು ದೊಡ್ಡದು ಎಂದು ಮನಸ್ಸು ಹೇಳುತ್ತದೆ. ಮೂರನ್ನು ಹನ್ನೆರಡರಿಂದ ಗುಣಿಸಿದವರಿಗೆ ಮಾತ್ರ ಮೂವತ್ತಾರು ಕಾಣುತ್ತದೆ. ಎಷ್ಟಕ್ಕೆ ಎನ್ನುವುದರ ಜೊತೆಗೆ ಎಷ್ಟು ಕಾಲಕ್ಕೆ ಎಂದು ಕೇಳದೆ ಹೋದದ್ದರಿಂದ ಕೈತಪ್ಪಿದ ಹೊಲಗಳಿವೆ. ಇದನ್ನು ಬರೀ ಪಾಠದ ವಿಷಯ ಎಂದು ನನಗೆ ಅನ್ನಿಸುವುದೇ ಇಲ್ಲ.

‘ಲೀಲಾವತಿ’ಯಲ್ಲಿ ಇನ್ನೊಂದು ಉದಾಹರಣೆಯಿದೆ, ಓದಿದರೆ ಕಸಿವಿಸಿಯಾಗುತ್ತದೆ. ಹದಿನಾರು ವರ್ಷದ ದಾಸಿಯ ಬೆಲೆ 32 ನಿಷ್ಕವಾದರೆ ಇಪ್ಪತ್ತು ವರ್ಷದವಳ ಬೆಲೆ ಎಷ್ಟು ಎಂಬ ಲೆಕ್ಕ. ವಯಸ್ಸು ಏರಿದಂತೆ ಬೆಲೆ ಇಳಿಯುತ್ತದೆ ಎಂದು ಹಿಡಿದು ವ್ಯಸ್ತ ತ್ರೈರಾಶಿಕದಿಂದ ಉತ್ತರ ತೆಗೆಯುತ್ತಾನೆ, 25 ನಿಷ್ಕ ಮತ್ತು ಐದರಲ್ಲಿ ಮೂರು ಪಾಲು. ಹೆಣ್ಣನ್ನು ಎತ್ತಿನ ಸಾಲಿನಲ್ಲಿಟ್ಟ ಆ ಕಾಲದ ಕ್ರೌರ್ಯ ಒಂದು ಕಡೆ. ಗಣಿತದ ಕಣ್ಣಿಂದಲೂ ಇಲ್ಲೊಂದು ಮಾತಿದೆ. ವಯಸ್ಸು ಇಷ್ಟು ಏರಿದರೆ ಬೆಲೆ ಸರಿಯಾಗಿ ಅಷ್ಟೇ ಪಾಲು ಇಳಿಯುತ್ತದೆ ಎಂದು ಹೇಳಿದವರು ಯಾರು? ಗಣಿತ ಹೇಳಲಿಲ್ಲ. ಅದು ಮನುಷ್ಯರ ಊಹೆ, ಅವರ ಸಂತೆಯ ರೂಢಿ. ಸೂತ್ರ ಆ ಊಹೆಯನ್ನು ಒಪ್ಪಿಕೊಂಡು ಅಚ್ಚುಕಟ್ಟಾಗಿ ಉತ್ತರ ಕೊಟ್ಟಿತು. ಸೂತ್ರದ ಗುಣವೇ ಅದು, ಏನು ಹಾಕಿದರೂ ಅರೆದು ಕೊಡುತ್ತದೆ.

ನಮ್ಮ ಅಜ್ಜ ಅಜ್ಜಿಯರು ಈ ಲೆಕ್ಕಗಳಲ್ಲಿ ಚುರುಕಾಗಿದ್ದರು ಎನ್ನುವುದುಂಟು. ಅವರ ಅಳತೆಗಳೇ ಅದಕ್ಕೆ ಅನುಕೂಲವಾಗಿದ್ದವು. ರೂಪಾಯಿಗೆ 16 ಆಣೆ, ಸೇರಿಗೆ 16 ಚಟಾಕು. ಹಾಗಾಗಿ ಸೇರಿಗೆ ಎಷ್ಟು ರೂಪಾಯಿಯೋ ಚಟಾಕಿಗೆ ಅಷ್ಟೇ ಆಣೆ. ಕಾಗದ ಬೇಡ, ಪೆನ್ಸಿಲು ಬೇಡ. ಹದಿನಾರನ್ನು ನಾಲ್ಕು ಸಲ ಅರ್ಧ ಮಾಡಬಹುದು, ಅರ್ಧ, ಕಾಲು, ಅರೆಕಾಲು, ವೀಸ. ಅದಕ್ಕಾಗಿಯೇ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾಪೈಸೆ ಬಂತು, ಬೆನ್ನಿಗೇ ಕಿಲೋ ಮತ್ತು ಲೀಟರು ಬಂದವು. ಆ ಮಗ್ಗಿಗಳು ಮರೆಯಾದವು. ಹೊಸ ಅಳತೆಗೂ ಅದರದೇ ಸುಲಭದ ಕೀಲಿ ಇದೆ: ಕೆಜಿಗೆ ಎಷ್ಟು ರೂಪಾಯಿಯೋ ಹತ್ತು ಗ್ರಾಂಗೆ ಅಷ್ಟೇ ಪೈಸೆ. ಇದನ್ನು ಮಕ್ಕಳಿಗೆ ಹೇಳಿಕೊಡುವ ಮನೆಗಳು ಕಡಿಮೆ. ಹೇಳಿಕೊಟ್ಟಿದ್ದರೆ ಅಕ್ಕನ ಮಗಳು 312 ಎಂದು ಬರೆಯುತ್ತಿರಲಿಲ್ಲ.

ಈಗ ಸಂಶೋಧನೆಯ ಕಡೆಗೆ ಬರೋಣ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ತೆರೆಜಿನ್ಯಾ ನೂನೆಸ್, ಡೇವಿಡ್ ಕರ್ರಾಹರ್, ಅನಲೂಸಿಯಾ ಶ್ಲೀಮನ್ ಎಂಬ ಮನೋವಿಜ್ಞಾನಿಗಳು ಬೀದಿಯಲ್ಲಿ ವ್ಯಾಪಾರ ಮಾಡುವ ಮಕ್ಕಳ ಹತ್ತಿರ ಹೋದರು. ಅವರ ಬರಹ 1985ರಲ್ಲಿ ಪ್ರಕಟವಾಯಿತು. ಹನ್ನೆರಡು ವರ್ಷದ ಒಬ್ಬ ಹುಡುಗ ತೆಂಗಿನಕಾಯಿ ಮಾರುತ್ತಿದ್ದ, ಒಂದಕ್ಕೆ 35 ಕ್ರುಜೇರೊ. ಹತ್ತು ಕಾಯಿಗೆ ಎಷ್ಟು ಎಂದು ಕೇಳಿದರು. ಶಾಲೆಯ ರೀತಿಯಲ್ಲಾದರೆ ಒಂದು ಸೊನ್ನೆ ಸೇರಿಸಿದರೆ ಮುಗಿಯಿತು. ಅವನು ಹಾಗೆ ಮಾಡಲಿಲ್ಲ. ಮೂರು ಕಾಯಿಗೆ 105 ಎಂದು ಅವನಿಗೆ ಗೊತ್ತು. ಇನ್ನು ಮೂರು ಸೇರಿಸಿ 210, ಇನ್ನು ಮೂರಕ್ಕೆ 315, ಉಳಿದ ಒಂದಕ್ಕೆ 35, ಒಟ್ಟು 350. ಅವನಿಗೆ ಪರಿಚಿತವಾದ ‘ಒಂದು’ ಎಂದರೆ ಮೂರು ಕಾಯಿಯ ಗುಂಪು. ಬೀದಿಯಲ್ಲಿ ಕೇಳಿದಾಗ ಆ ಮಕ್ಕಳ ಉತ್ತರಗಳಲ್ಲಿ ಶೇಕಡಾ 98 ಸರಿ. ಅಂಥದೇ ಲೆಕ್ಕವನ್ನು ಪರೀಕ್ಷೆಯಂತೆ ಮಾತಿನ ಸಮಸ್ಯೆಯಾಗಿ ಕೊಟ್ಟಾಗ ಸುಮಾರು 74. ಬರೀ ಅಂಕಿಗಳಾಗಿ ಕೊಟ್ಟಾಗ 37. ನೋಡಿದ್ದು ಐದೇ ಮಕ್ಕಳನ್ನು, ಆದರೆ ಆ ಐದು ಮಕ್ಕಳು ಶಿಕ್ಷಣಲೋಕವನ್ನು ಎಚ್ಚರಿಸಿದರು.

ನಲವತ್ತು ವರ್ಷಗಳ ನಂತರ ಅದೇ ಪ್ರಶ್ನೆಯನ್ನು ನಮ್ಮ ದೇಶದಲ್ಲೇ ದೊಡ್ಡದಾಗಿ ಕೇಳಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳನ್ನು ಅವರು ನೋಡಿದ್ದರು. 800 ಗ್ರಾಂ ಆಲೂಗಡ್ಡೆ, 1.4 ಕೆಜಿ ಈರುಳ್ಳಿ ಎಂಬಂಥ ತೊಡಕಿನ ತೂಕಗಳಿಗೂ ಈ ಮಕ್ಕಳು ಬಾಯಲ್ಲೇ ಬೆಲೆ ಕಟ್ಟುತ್ತಿದ್ದರು. ಅಷ್ಟೇ ಕಷ್ಟದ, ಅದಕ್ಕಿಂತ ಸುಲಭದ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಬರೆದು ಕೊಟ್ಟರೆ ಕೈಚೆಲ್ಲುತ್ತಿದ್ದರು. ವ್ಯಾಪಾರ ಮಾಡಿ ಗೊತ್ತಿಲ್ಲದ, ಅಕ್ಕಪಕ್ಕದ ಶಾಲೆಗಳಿಗೆ ಹೋಗುವ 471 ಮಕ್ಕಳದ್ದು ಇದಕ್ಕೆ ಸರಿಯಾಗಿ ಉಲ್ಟಾ. ಕಾಗದದ ಲೆಕ್ಕ ಬರುತ್ತದೆ, ಸಂತೆಯ ಲೆಕ್ಕ ತಡವರಿಸುತ್ತದೆ. ನನಗೆ ಈ ಎರಡನೆಯ ಸಂಗತಿಯೇ ಹೆಚ್ಚು ನೋವಿನದು. ಬೀದಿಯ ಮಗುವಿಗೆ ಶಾಲೆ ದಕ್ಕಲಿಲ್ಲ ಎಂದರೆ ಕಾರಣ ಊಹಿಸಬಹುದು. ಶಾಲೆಯ ಮಗುವಿಗೆ ಬೀದಿ ದಕ್ಕುತ್ತಿಲ್ಲ ಎಂದರೆ, ವರ್ಷಗಟ್ಟಲೆ ಕಲಿಸಿದ್ದು ಏನು?

ಕಲಿಸಿದ್ದು ಒಂದು ಆಕಾರ. ಮೂರು ಸಂಖ್ಯೆ ಕಂಡರೆ ಪೆಟ್ಟಿಗೆ ಹಾಕು, ಅಡ್ಡ ಗುಣಿಸು. ಆಕಾರವನ್ನು ನಂಬಿದವರು ಹೇಗೆ ಎಡವುತ್ತಾರೆ ಎಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ಪ್ರಸಿದ್ಧ. ಇಬ್ಬರು ಹುಡುಗಿಯರು ಒಂದೇ ವೇಗದಲ್ಲಿ ಓಡುತ್ತಿದ್ದಾರೆ. ಒಬ್ಬಳು ಮೊದಲು ಶುರು ಮಾಡಿದ್ದಾಳೆ. ಅವಳು 9 ಸುತ್ತು ಮುಗಿಸಿದಾಗ ಎರಡನೆಯವಳದ್ದು 3 ಸುತ್ತು. ಎರಡನೆಯವಳು 15 ಮುಗಿಸಿದಾಗ ಮೊದಲನೆಯವಳು ಎಷ್ಟು? ವೇಗ ಒಂದೇ ಆದ್ದರಿಂದ ಆರು ಸುತ್ತಿನ ಅಂತರ ಕೊನೆವರೆಗೂ ಆರೇ. ಉತ್ತರ 21. ಮುಂದೆ ಮೇಷ್ಟರಾಗಲು ಓದುತ್ತಿದ್ದ 33 ಜನರಿಗೆ ಇದನ್ನು ಕೊಟ್ಟಾಗ 32 ಜನ 45 ಎಂದು ಬರೆದರು. ಮೂರಕ್ಕೆ ಒಂಬತ್ತಾದರೆ ಹದಿನೈದಕ್ಕೆ ನಲವತ್ತೈದು.

ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ. 1970ರ ದಶಕದಲ್ಲಿ ಬರ್ಕ್ಲಿಯ ರಾಬರ್ಟ್ ಕಾರ್ಪ್ಲಸ್ ಮಕ್ಕಳಿಗೆ ಒಂದು ಚಿತ್ರ ತೋರಿಸುತ್ತಿದ್ದ. ಕುಳ್ಳನ ಎತ್ತರ ಗುಂಡಿಯಲ್ಲಿ ಅಳೆದರೆ 4, ಪೇಪರ್ ಕ್ಲಿಪ್ಪಿನಲ್ಲಿ ಅಳೆದರೆ 6. ಉದ್ದನೆಯವನು ಗುಂಡಿಯಲ್ಲಿ 6, ಹಾಗಾದರೆ ಕ್ಲಿಪ್ಪಿನಲ್ಲಿ ಎಷ್ಟು? ಒಂಬತ್ತು. ಬಹಳಷ್ಟು ಮಕ್ಕಳು ಎಂಟು ಎನ್ನುತ್ತಿದ್ದರು, ‘ಎರಡು ಜಾಸ್ತಿ ಇದೆಯಲ್ಲ, ಅದಕ್ಕೆ ಎರಡು ಸೇರಿಸಿದೆ’ ಎಂದು. ಒಂದು ಕಡೆ ಗುಣಿಸಬೇಕಾದಲ್ಲಿ ಕೂಡಿಸುತ್ತಾರೆ, ಇನ್ನೊಂದು ಕಡೆ ಕೂಡಿಸಬೇಕಾದಲ್ಲಿ ಗುಣಿಸುತ್ತಾರೆ. ಎರಡೂ ಒಂದೇ ಬೇರಿನವು. ಎರಡು ರಾಶಿಗಳ ನಡುವೆ ಬದಲಾಗದೆ ನಿಲ್ಲುವುದು ಯಾವುದು, ಅಂತರವೋ ಪಾಲೋ ಎಂದು ಯಾರೂ ಕೇಳಿಕೊಳ್ಳಲಿಲ್ಲ.

ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದ ಡಿರ್ಕ್ ಡಿ ಬಾಕ್, ಲೀವೆನ್ ವೆರ್ಶಾಫೆಲ್ ಮತ್ತವರ ಬಳಗ ಇದನ್ನೇ ಬೆನ್ನುಹತ್ತಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 200 ಮೀಟರ್ ಬದಿಯ ಚೌಕಾಕಾರದ ಹೊಲಕ್ಕೆ ಗೊಬ್ಬರ ಹಾಕಲು ಎಂಟು ಗಂಟೆ, 600 ಮೀಟರ್ ಬದಿಯ ಹೊಲಕ್ಕೆ ಎಷ್ಟು ಎಂಬುದು ಅವರ ಹೆಸರಾದ ಪ್ರಶ್ನೆಗಳಲ್ಲೊಂದು. ಮಕ್ಕಳು 24 ಎನ್ನುತ್ತಾರೆ, ಸರಿಯುತ್ತರ 72. ನಮ್ಮಲ್ಲಿ ಇದನ್ನು ಹೊಲದಲ್ಲಿ ಕೇಳುವುದಕ್ಕಿಂತ ಸೈಟಿನಲ್ಲಿ ಕೇಳಿದರೆ ಬೇಗ ನಾಟುತ್ತದೆ. ಬೆಂಗಳೂರಿನಲ್ಲಿ 20×30 ಸೈಟು 600 ಚದರಡಿ. 40×60 ಅದರ ದುಪ್ಪಟ್ಟಲ್ಲ, ನಾಲ್ಕು ಪಟ್ಟು, 2,400. ಆದರೆ ಸುತ್ತ ಕಾಂಪೌಂಡು ಕಟ್ಟಿಸಿದರೆ ಅದರ ಉದ್ದ ಎರಡೇ ಪಟ್ಟು, 100 ಅಡಿಯದು 200 ಅಡಿ ಆಗುತ್ತದೆ. ನೀರಿನ ಸಂಪಿನ ಉದ್ದ, ಅಗಲ, ಆಳ ಮೂರನ್ನೂ ದುಪ್ಪಟ್ಟು ಮಾಡಿದರೆ ಹಿಡಿಯುವ ನೀರು ಎಂಟು ಪಟ್ಟು. ಒಂದೇ ಮನೆಯಲ್ಲಿ ಎರಡು, ನಾಲ್ಕು, ಎಂಟು ಮೂರೂ ಇವೆ. ಮೇಸ್ತ್ರಿಗಳು ಇದನ್ನು ಪುಸ್ತಕ ಓದದೆ ತಿಳಿದಿರುತ್ತಾರೆ.

ಮಾರುಕಟ್ಟೆಯೂ ಎಲ್ಲ ಕಡೆ ಸಮಾನುಪಾತದಲ್ಲಿ ನಡೆಯುವುದಿಲ್ಲ. ತಳ್ಳುಗಾಡಿಯ ರಟ್ಟಿನ ಮೇಲೆ ‘ಕಾಲು ಕೆಜಿ 20, ಒಂದು ಕೆಜಿ 60’ ಎಂದು ಬರೆದಿರುತ್ತದೆ. ಕಾಲಿನ ನಾಲ್ಕು ಪಟ್ಟು ಎಂಬತ್ತಾಗಬೇಕಿತ್ತು. ಬೆಂಗಳೂರಿನ ಆಟೊ ದರ 2025ರ ಆಗಸ್ಟ್ 1ರಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಐದು ಕಿಲೋಮೀಟರಿಗೆ 90. ಅಂದರೆ ಎರಡು ಕಿಲೋಮೀಟರ್ ದಾಟಿದ ಮೇಲೆ ನೇರ ಅನುಪಾತವೇ, ದೂರವನ್ನು 18ರಿಂದ ಗುಣಿಸಿದರೆ ಮುಗಿಯಿತು. ಎರಡರೊಳಗೆ ಮಾತ್ರ ಅದು ಮುರಿಯುತ್ತದೆ, ಒಂದು ಕಿಲೋಮೀಟರಿಗೂ 36 ಕೊಡಬೇಕು. ಇಂಥ ಲೆಕ್ಕವನ್ನು ಪಠ್ಯದಲ್ಲಿ ಹಾಕಿ, ಎಲ್ಲಿಂದ ಎಲ್ಲಿಯವರೆಗೆ ‘ಒಂದಕ್ಕೆ ಎಷ್ಟು’ ಎಂಬ ಮಾತು ನಿಲ್ಲುತ್ತದೆ ಎಂದು ಕೇಳಿದರೆ ಏಳನೇ ತರಗತಿಯ ಮಕ್ಕಳು ಖುಷಿಯಿಂದ ಮಾಡುತ್ತಾರೆ.

ಹೂವಿನವಳ ಮೊಳ ಇನ್ನೂ ಸೂಕ್ಷ್ಮ. ಇಲ್ಲಿ ಬೆಲೆಯೂ ಒಂದಕ್ಕೇ, ಅಳತೆಯೂ ಒಂದೇ ಹೆಸರಿನದು, ಆದರೆ ಮೊಳ ಎಂದರೆ ಮಾರುವವಳ ಮೊಳಕೈಯಿಂದ ಬೆರಳ ತುದಿಯವರೆಗೆ. ಗಿಡ್ಡ ಕೈಯವಳ ಹತ್ತಿರ ಕೊಂಡರೆ ಒಂದು ಮೊಳ, ಉದ್ದ ಕೈಯವಳ ಹತ್ತಿರ ಇನ್ನೊಂದು ಮೊಳ. ಬೆಲೆ ಹೋಲಿಸುವ ಮುಂಚೆ ‘ಒಂದು’ ಒಂದೇ ಆಗಿದೆಯೇ ಎಂದು ನೋಡಬೇಕು.

ಸೂಪರ್ ಮಾರ್ಕೆಟ್ಟಿನಲ್ಲೂ ಈ ಮೊಳದ ತೊಂದರೆ ಇದೆ, ಬೇರೆ ವೇಷದಲ್ಲಿ. ಪೊಟ್ಟಣದ ಮೇಲೆ ಎಂಆರ್‌ಪಿಯ ಜೊತೆ ಒಂದು ಘಟಕದ ಬೆಲೆಯನ್ನೂ ಮುದ್ರಿಸಬೇಕು ಎಂದು ಕೇಂದ್ರ ಸರ್ಕಾರ 2021ರಲ್ಲಿ ಕಾನೂನು ಮಾಪನದ ನಿಯಮಗಳಿಗೆ ತಿದ್ದುಪಡಿ ತಂದಿತು. ಒಳ್ಳೆಯ ಕೆಲಸ. ಗ್ರಾಹಕನ ಪರವಾಗಿ ಇಷ್ಟು ನೇರವಾಗಿ ಗಣಿತ ಮಾಡಿಕೊಡುವ ನಿಯಮಗಳು ವಿರಳ. ಆದರೆ ಒಂದು ಕೆಜಿಗಿಂತ ಕಡಿಮೆ ತೂಕದ ಪೊಟ್ಟಣಕ್ಕೆ ಗ್ರಾಂ ಲೆಕ್ಕದಲ್ಲಿ, ಹೆಚ್ಚಿನದಕ್ಕೆ ಕೆಜಿ ಲೆಕ್ಕದಲ್ಲಿ ಬೆಲೆ ಬರೆಯುವುದು ನಿಯಮ. 900 ಗ್ರಾಂ ಪೊಟ್ಟಣದ ಮೇಲೆ ‘ಗ್ರಾಂಗೆ 0.21’ ಎಂದಿರುತ್ತದೆ, ಪಕ್ಕದ ಒಂದೂವರೆ ಕೆಜಿ ಪೊಟ್ಟಣದ ಮೇಲೆ ‘ಕೆಜಿಗೆ 207’. ಎರಡನ್ನೂ ಒಂದೇ ನೆಲಕ್ಕೆ ತರುವ ಕೆಲಸ ಮತ್ತೆ ನಮ್ಮ ತಲೆಯದೇ. ಇನ್ನೊಂದು ಸೂಕ್ಷ್ಮವಿದೆ. ರೂಪಾಯಿಯ ಬೆಲೆಯನ್ನು ಎರಡು ದಶಮಾಂಶಕ್ಕೆ ಸರಿಹೊಂದಿಸಿದಾಗ ಗ್ರಾಂಗೆ ಅರ್ಧ ಪೈಸೆ ಆಚೀಚೆಯಾಗಬಹುದು. ಗ್ರಾಂಗೆ ಅರ್ಧ ಪೈಸೆ ಎಂದರೆ ಕೆಜಿಗೆ ಐದು ರೂಪಾಯಿ. 187 ರೂಪಾಯಿಯ 900 ಗ್ರಾಂ ಪೊಟ್ಟಣ ನಿಜವಾಗಿ ಕೆಜಿಗೆ 207 ರೂಪಾಯಿ 78 ಪೈಸೆ ಬೀಳುತ್ತದೆ, ಮುದ್ರಿತ 0.21 ಅದನ್ನು 210 ಎನ್ನುತ್ತದೆ. ಉಪ್ಪಿನಂಥ ಅಗ್ಗದ ಪದಾರ್ಥದಲ್ಲಿ ಗ್ರಾಂಗೆ 0.03 ಎಂಬ ಅಂಕಿ ಕೆಜಿಗೆ 25ರಿಂದ 35ರವರೆಗೆ ಏನನ್ನೂ ಹೇಳಬಲ್ಲದು. ಎಲ್ಲ ಪೊಟ್ಟಣಗಳಿಗೂ ನೂರು ಗ್ರಾಂ ಲೆಕ್ಕ ಎಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಪ್ರತಿ ಸಲ ಅಂದುಕೊಳ್ಳುತ್ತೇನೆ.

‘ಒಂದು’ ಯಾವುದು ಎಂದು ಆರಿಸುವುದೂ ಒಂದು ವಿವೇಕ. ಹಳೆಯ ಗೆಜೆಟಿಯರುಗಳಲ್ಲಿ ಧಾನ್ಯದ ಧಾರಣೆ ರೂಪಾಯಿಗೆ ಇಷ್ಟು ಸೇರು ಎಂದು ಇರುತ್ತದೆ, ಸೇರಿಗೆ ಇಷ್ಟು ರೂಪಾಯಿ ಎಂದಲ್ಲ. ಕೈಯಲ್ಲಿ ಒಂದು ರೂಪಾಯಿ ಇರುವವನಿಗೆ ಎಷ್ಟು ರಾಗಿ ಬರುತ್ತದೆ ಎನ್ನುವುದೇ ಮುಖ್ಯ. ಅಂಕಿ ಇಳಿದರೆ ತುಟ್ಟಿ, ಏರಿದರೆ ಅಗ್ಗ. ಇಂದು ನಾವು ಬೈಕಿನ ಮೈಲೇಜನ್ನು ಹೀಗೇ ಹೇಳುತ್ತೇವೆ, ಲೀಟರಿಗೆ ಇಷ್ಟು ಕಿಲೋಮೀಟರ್. ಇದರಲ್ಲಿ ಒಂದು ಮೋಸ ಅಡಗಿದೆ ಎಂದು ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್, ಜ್ಯಾಕ್ ಸೋಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ನಮ್ಮ ಅಂಕಿಗಳಲ್ಲಿ ಹೇಳುವುದಾದರೆ, ಲೀಟರಿಗೆ 10 ಕೊಡುತ್ತಿದ್ದ ಹಳೆಯ ಜೀಪು ಬದಲಿಸಿ 15 ಕೊಡುವ ಗಾಡಿ ತಂದವರೊಬ್ಬರು, 30 ಕೊಡುತ್ತಿದ್ದ ಸ್ಕೂಟರ್ ಬದಲಿಸಿ 45 ಕೊಡುವುದನ್ನು ತಂದವರೊಬ್ಬರು. ಹದಿನೈದು ಹೆಚ್ಚಿಸಿಕೊಂಡವರಿಗೇ ಲಾಭ ಎನ್ನಿಸುತ್ತದೆ. ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ತಿರುಗಿಸಿ ನೋಡಿ: ಜೀಪಿನವರಿಗೆ ಮೂರು ಲೀಟರಿಗೂ ಮಿಕ್ಕಿ ಉಳಿತಾಯ, ಸ್ಕೂಟರಿನವರಿಗೆ ಒಂದು ಲೀಟರಿಗಿಂತ ಚೂರು ಹೆಚ್ಚು.

ಇದೇ ಕಾರಣಕ್ಕೆ, ಹೋಗುವಾಗ ಗಂಟೆಗೆ 40, ಬರುವಾಗ 60 ವೇಗವಾದರೆ ಸರಾಸರಿ 50 ಅಲ್ಲ, 48. ನಿಧಾನದ ದಾರಿಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ.

ಒಂದು ಏರಿದರೆ ಇನ್ನೊಂದು ಇಳಿಯುವ ವಿಲೋಮದ ಲೆಕ್ಕಗಳಲ್ಲಿ ಆಳು ಮತ್ತು ದಿನದ ಸಮಸ್ಯೆಗಳೇ ಹೆಚ್ಚು. ಎಂಟು ಆಳಿಗೆ ಹದಿನೈದು ದಿನ, ಹನ್ನೆರಡು ಆಳಿಗೆ ಹತ್ತು ದಿನ. ಒಟ್ಟು 120 ಆಳಿನ ಕೆಲಸ ಎಂದು ಹಿಡಿದರೆ ಸುಲಭ. ಗದ್ದೆ ನಾಟಿಗೆ ಈ ಲೆಕ್ಕ ಚೆನ್ನಾಗಿ ಒಪ್ಪುತ್ತದೆ. ಬಾವಿ ತೋಡುವುದಕ್ಕೆ ಒಪ್ಪುವುದಿಲ್ಲ, ಒಳಗೆ ಗುದ್ದಲಿ ಬೀಸಲು ಇಬ್ಬರಿಗೆ ಜಾಗವಿದ್ದರೆ ಹೆಚ್ಚು. ಪಠ್ಯಪುಸ್ತಕ ಎರಡನ್ನೂ ಒಂದೇ ಸಾಲಿನಲ್ಲಿ ಇಡುತ್ತದೆ.

ಮಿಶ್ರಣದ ಲೆಕ್ಕದಲ್ಲಿ ಕಾಣುವ ತಪ್ಪು ಇನ್ನೊಂದು ಬಗೆಯದು. ಗಾರೆಗೆ ‘ಒಂದಕ್ಕೆ ನಾಲ್ಕು’ ಎಂದರೆ ಒಂದು ಬಾಂಡ್ಲಿ ಸಿಮೆಂಟಿಗೆ ನಾಲ್ಕು ಬಾಂಡ್ಲಿ ಮರಳು. ಸಿಮೆಂಟು ಕಲಸಿದ್ದರ ಕಾಲು ಭಾಗ ಅಲ್ಲ, ಐದನೇ ಒಂದು ಭಾಗ. ಪಾಲು ಪಾಲಿಗೆ ಹೇಳಿದ್ದೋ, ಇಡಿಗೆ ಹೇಳಿದ್ದೋ ಎಂಬ ಗೊಂದಲ ಓದಿದವರಲ್ಲೂ ಇದೆ. ಅಡಿಕೆ ತೋಟದವರಿಗೆ ಬೋರ್ಡೋ ದ್ರಾವಣದ ಲೆಕ್ಕ ಮೈಗೆ ಹತ್ತಿದ್ದು. ಶೇಕಡಾ ಒಂದರ ದ್ರಾವಣಕ್ಕೆ ಮೈಲುತುತ್ತು ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್. ಮೈಸೂರು ಸಂಸ್ಥಾನದ ಕೃಷಿವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಇದನ್ನು ಬಳಕೆಗೆ ತಂದು ನೂರು ವರ್ಷ ದಾಟಿದೆ. ನಲವತ್ತು ಲೀಟರಿನ ಡ್ರಮ್ಮಾದರೆ 400 ಗ್ರಾಂ, 400 ಗ್ರಾಂ. ಮಳೆಯ ನಡುವೆ ಸಿಕ್ಕ ಎರಡು ಗಂಟೆ ಬಿಸಿಲಿನಲ್ಲಿ ಮದ್ದು ಹೊಡೆಯುವವರು ಇದನ್ನು ಬರೆದು ಲೆಕ್ಕ ಹಾಕುವುದಿಲ್ಲ, ಲೀಟರಿಗೆ ಹತ್ತು ಗ್ರಾಂ ಎಂಬುದು ನಾಲಿಗೆ ತುದಿಯಲ್ಲಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮಕ್ಕಳ ಜ್ವರದ ಔಷಧಿಯಲ್ಲಿ. ಪ್ಯಾರಾಸಿಟಮಾಲ್ ಸಿರಪ್ ಒಂದರಲ್ಲಿ 5 ಮಿಲಿಲೀಟರಿಗೆ 120 ಮಿಲಿಗ್ರಾಂ, ಇನ್ನೊಂದರಲ್ಲಿ ಅದೇ 5 ಮಿಲಿಲೀಟರಿಗೆ 250. ಬಾಟಲಿ ನೋಡಲು ಹೆಚ್ಚುಕಡಿಮೆ ಒಂದೇ ತರಹ. ವೈದ್ಯರು ಸಾಮಾನ್ಯವಾಗಿ ಹಿಡಿಯುವ ಒಂದು ಪ್ರಮಾಣ ಮಗುವಿನ ತೂಕದ ಪ್ರತಿ ಕೆಜಿಗೆ 15 ಮಿಲಿಗ್ರಾಂ. 12 ಕೆಜಿಯ ಮಗುವಿಗೆ 180 ಮಿಲಿಗ್ರಾಂ ಆಯಿತು. ಮೊದಲ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 24 ಮಿಲಿಗ್ರಾಂ, ಹಾಗಾಗಿ 7.5 ಮಿಲಿಲೀಟರ್. ಎರಡನೆಯದರಲ್ಲಿ ಒಂದಕ್ಕೆ 50, ಹಾಗಾಗಿ 3.6. ಹಳೆಯ ಬಾಟಲಿ ಮುಗಿದು ಹೊಸದು ತಂದಾಗ “ಕಳೆದ ಸಲ ಏಳೂವರೆ ಕೊಟ್ಟಿದ್ದೆ” ಎಂಬ ನೆನಪಿನ ಮೇಲೆ ಕೊಟ್ಟರೆ ದುಪ್ಪಟ್ಟಿಗಿಂತ ಹೆಚ್ಚಾಯಿತು. ನಮ್ಮ ಮನೆಯಲ್ಲಿ ಒಂದು ರಾತ್ರಿ ಇದು ಆಗುವುದರಲ್ಲಿತ್ತು. ಅಕ್ಕ ಮುಚ್ಚಳಕ್ಕೆ ಸುರಿದಾಗಿತ್ತು, ಲೇಬಲ್ಲಿನ ಮೇಲೆ ಕಣ್ಣು ಬಿದ್ದು ಕೈ ನಿಂತಿತು. ಎಷ್ಟು ಕೊಡಬೇಕು ಎಂದು ಹೇಳುವುದು ವೈದ್ಯರ ಕೆಲಸ. ಅವರು ಹೇಳಿದ್ದು ಯಾವ ಬಾಟಲಿಗೆ ಎಂದು ಕೇಳುವುದು ನಮ್ಮದು.

ಹಾಗಾದರೆ ಕಲಿಸುವುದು ಹೇಗೆ? ಅಡ್ಡ ಗುಣಾಕಾರವನ್ನು ಬಿಸಾಡಬೇಕೆಂದು ನಾನು ಹೇಳುತ್ತಿಲ್ಲ, ದೊಡ್ಡ ತರಗತಿಗೆ ಹೋದಾಗ ಅದು ಬೇಕು. ಮೊದಲು ಮಗು ಮಾತಿನಲ್ಲಿ ಹೇಳಲಿ: ಇದು ಹೆಚ್ಚಾದರೆ ಅದು ಹೆಚ್ಚುತ್ತದೋ, ಇಳಿಯುತ್ತದೋ, ಸುಮ್ಮನಿರುತ್ತದೋ? ದುಪ್ಪಟ್ಟಾದರೆ ದುಪ್ಪಟ್ಟೇ ಆಗುತ್ತದೋ? ಆಮೇಲೆ ಒಂದು ಅಂದಾಜು ಬರಲಿ, ಐವತ್ತರೊಳಗೆ, ಇಪ್ಪತ್ತೈದರ ಮೇಲೆ, ಹೀಗೆ. ಮೂರನೆಯದಾಗಿ ತನಗೆ ಹಿಡಿಯಲು ಸುಲಭವಾದ ‘ಒಂದು’ ಯಾವುದೆಂದು ಅದೇ ಆರಿಸಿಕೊಳ್ಳಲಿ. 12 ಪೆನ್ನಿಗೆ 84 ರೂಪಾಯಿಯಾದರೆ 18ಕ್ಕೆ ಎಷ್ಟು ಎಂದಾಗ ಒಂದಕ್ಕೆ 7 ಎಂದು ಇಳಿದು ಹತ್ತಬಹುದು. ಆರಕ್ಕೆ 42, ಅದರ ಮೂರು ಪಟ್ಟು ಎನ್ನಲೂಬಹುದು. ಎರಡನೆಯ ದಾರಿಗೆ ಅಂಕ ಕಡಿತ ಮಾಡುವ ಮೇಷ್ಟರುಗಳನ್ನು ನಾನು ಕಂಡಿದ್ದೇನೆ, ‘ಒಂದರ ಬೆಲೆ ಎಲ್ಲಿ ಬರೆದಿದ್ದೀಯ’ ಎಂದು ಕೆಂಪು ಗೆರೆ ಎಳೆದು. ಆ ಕೆಂಪು ಗೆರೆ ತರಕಾರಿಯಾಕೆಯ ಬುದ್ಧಿಯ ಮೇಲೆಯೇ ಎಳೆದದ್ದು.

ಲೆಕ್ಕದ ಪ್ರಶ್ನೆಗಳ ನಡುವೆ ಸಮಾನುಪಾತಕ್ಕೆ ಸಿಗದ ಒಂದೆರಡನ್ನೂ ಬೆರೆಸಬೇಕು. ಪಾಠದ ಹೆಸರೇ ‘ಅನುಪಾತ’ ಎಂದಿರುವಾಗ ಒಳಗಿನ ಎಲ್ಲ ಲೆಕ್ಕವೂ ಅನುಪಾತದ್ದೇ ಎಂದು ಮಗುವಿಗೆ ಮೊದಲೇ ಗೊತ್ತು. ಯೋಚಿಸುವ ಅಗತ್ಯವನ್ನೇ ನಾವು ತೆಗೆದುಬಿಟ್ಟಿರುತ್ತೇವೆ.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಮದುವೆಗೆ ಅಡುಗೆ ಭಟ್ಟರು ಸಾಮಾನಿನ ಪಟ್ಟಿ ಬರೆಸಲು ಬಂದಿದ್ದರು. ಬರೆಯಲು ಕೂತವಳು ಅದೇ ಹುಡುಗಿ. ಭಟ್ಟರದ್ದು ಎಲೆಯ ಲೆಕ್ಕ: “ನೂರು ಎಲೆಗೆ ಅಕ್ಕಿ ಹತ್ತು ಕೆಜಿ, ತೊಗರಿಬೇಳೆ ಮೂರು. ನಿಮ್ಮದು ಮುನ್ನೂರೈವತ್ತು ಎಲೆ. ನೀನೇ ಹಾಕು ಮರಿ.” ಅವಳು ಪೆಟ್ಟಿಗೆ ಹಾಕಲಿಲ್ಲ. ಮೂರು ನೂರು, ಮೇಲೊಂದು ಅರ್ಧ ಎಂದು ಬಾಯಲ್ಲೇ ಗುಣುಗುಣಿಸಿ ಮೂವತ್ತೈದು, ಹತ್ತೂವರೆ ಎಂದು ಬರೆದಳು. ಬೆಲ್ಲ ಬಂತು, ತೆಂಗಿನಕಾಯಿ ಬಂತು, ಹುಣಸೆಹಣ್ಣು ಬಂತು. ಉಪ್ಪಿನ ಹತ್ತಿರ ಬಂದಾಗ ಪೆನ್ನು ನಿಲ್ಲಿಸಿ ತಲೆಯೆತ್ತಿದಳು.

“ಇದಕ್ಕೂ ಮೂರೂವರೆ ಪಟ್ಟೇನಾ?”

ಭಟ್ಟರು ನಕ್ಕರು. “ಸಾಮಾನು ಅಷ್ಟೇ ತರಿಸು. ಹಾಕುವ ಲೆಕ್ಕ ಬೇರೆ. ದೊಡ್ಡ ಕೊಪ್ಪರಿಗೆಯಲ್ಲಿ ನೀರು ಅಷ್ಟೇ ಪಾಲು ಇಂಗುವುದಿಲ್ಲ. ಮೊದಲು ಮುಕ್ಕಾಲು ಪಾಲು ಹಾಕುತ್ತೇನೆ, ಕುದಿ ಬಂದ ಮೇಲೆ ರುಚಿ ನೋಡಿ ಉಳಿದದ್ದು.”

ಅವಳು ತರಿಸಬೇಕಾದ ಕಡೆ ಅಂಕಿ ಬರೆದಳು. ಪಕ್ಕದಲ್ಲಿ, ಯಾರೂ ಕೇಳದಿದ್ದರೂ, ಇನ್ನೊಂದು ಗೆರೆ ಎಳೆದು ‘ಹಾಕುವುದು’ ಎಂದು ತಲೆಬರಹ ಕೊಟ್ಟು, ಉಪ್ಪಿನ ಎದುರು ಆ ಜಾಗವನ್ನು ಖಾಲಿ ಬಿಟ್ಟಳು.